ಪ್ರೋಟೀನಿಗೆ ಹೇಗೆ ಗೊತ್ತಾಗುತ್ತೆ? ಗೊತ್ತಾಗುವುದಿಲ್ಲ

ಜೀವಕೋಶದ ಒಳಗಿನ ಸಾಗಣೆಯ ಮಾತು ಬಂದರೆ ಸಾಕು, ಮಡಿಕೇರಿಯ ಪಿಯು ಮಕ್ಕಳಿಂದ ಹಿಡಿದು ಕಣದಲ್ಲಿ ಕಾಫಿ ಒಣಗಿಸುವವರವರೆಗೆ ಎಲ್ಲರದೂ ಒಂದೇ ಪ್ರಶ್ನೆ: "ಯಾವ ಸರಕನ್ನು ಪೊಟ್ಟಣ ಕಟ್ಟಬೇಕು ಅಂತ ಆ ಪ್ರೋಟೀನಿಗೆ ಹೇಗೆ ಗೊತ್ತಾಗುತ್ತೆ?" ಬಾಯಲ್ಲಿ ಹೇಳಿ ಸಾಕಾಗಿದೆ, ಹಾಗಾಗಿ ಬರೆದಿಡುತ್ತಿದ್ದೇನೆ. ಗೊತ್ತಾಗುವುದಿಲ್ಲ. ಕೋಶದಲ್ಲಿ ಮೇಸ್ತ್ರಿಯೂ ಇಲ್ಲ, ಲೆಕ್ಕ ಬರೆಯುವ ರೈಟರೂ ಇಲ್ಲ. "ಗೊತ್ತಾಗುತ್ತೆ" ಎನ್ನುವ ಕ್ರಿಯಾಪದವೇ ತಪ್ಪು. ಅದನ್ನು ಬಿಡದೆ ಮುಂದಿನದು ಅರ್ಥವಾಗುವುದಿಲ್ಲ.

ಇದರ ಬೆನ್ನಿಗೇ ಬರುವ ಇನ್ನೊಂದು ಮಾತು: "ಅಂದರೆ ಕಾಫಿ ಚೀಲಕ್ಕೆ ತುಂಬಿ ದಬ್ಬಣದಲ್ಲಿ ಬಾಯಿ ಹೊಲಿದ ಹಾಗೆ, ಅಲ್ವಾ?" ಅಲ್ಲ. ಚೀಲ ಮೊದಲೇ ಇರುತ್ತದೆ, ಕಾಫಿ ಆಮೇಲೆ ಬೀಳುತ್ತದೆ. ವೆಸಿಕಲ್ ಎಂಬ ಈ ಪೊಟ್ಟಣ ಮೊದಲು ಇರುವುದೇ ಇಲ್ಲ. ಸರಕು ಒಂದೆಡೆ ಸೇರುವುದು, ಪೊರೆ ಬಾಗುವುದು, ಹೊರಗೆ ಹೊದಿಕೆ ಹೆಣೆಯುವುದು, ಎಲ್ಲವೂ ಒಂದೇ ಕೆಲಸದ ಭಾಗ. ಹೊರಪೊರೆಯಲ್ಲಿ ಹುಟ್ಟುವ, ಕ್ಲ್ಯಾಥ್ರಿನ್ ಎಂಬ ಪ್ರೋಟೀನಿನ ಹೊದಿಕೆಯ ವೆಸಿಕಲ್ಲಿಗೆ ಇದೆಲ್ಲ ಮುಗಿಯಲು ಹೆಚ್ಚುಕಡಿಮೆ ಒಂದು ನಿಮಿಷ. ಅಳತೆ ಸುಮಾರು 100 ನ್ಯಾನೋಮೀಟರ್.

ಶುರುವಾಗುವುದು ಹೀಗೆ. ಪೊರೆಯ ಒಳಮೈಯಲ್ಲಿ ಪಿಐಪಿ2 ಎಂಬ ಕೊಬ್ಬಿನ ಅಣುಗಳಿವೆ. ಎಪಿ2 ಎಂಬ ನಾಲ್ಕು ತುಂಡುಗಳ ಪ್ರೋಟೀನು ಕೋಶರಸದಲ್ಲಿ ಮಡಚಿಕೊಂಡೇ ತಿರುಗುತ್ತಿರುತ್ತದೆ. ಪಿಐಪಿ2ಗೆ ತಗುಲಿದಾಗ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡರೆ ಮಾತ್ರ ಸರಕಿನ ಬಾಲ (ಸರಕಿನ ಪ್ರೋಟೀನು ಕೋಶರಸದ ಕಡೆ ಚಾಚಿದ ತುದಿ) ಹಿಡಿಯುವ ಅದರ ಗುಳಿ ಹೊರಬರುತ್ತದೆ. ಆ ಗುಳಿಗೆ ಕೂರುವುದು ನಾಲ್ಕು ಅಮೈನೋ ಆಮ್ಲಗಳ ಸಾಲು: ಮೊದಲು ಟೈರೋಸಿನ್, ನಡುವೆ ಯಾವುದಾದರೂ ಎರಡು, ಕೊನೆಗೆ ನೀರಿಗೆ ಒಗ್ಗದ ದಪ್ಪ ದೇಹದ್ದೊಂದು. ಆಕಾರ ಕೂತರೆ ಹಿಡಿತ, ಕೂರದಿದ್ದರೆ ಇಲ್ಲ. ಒಂದೊಂದೇ ಹಿಡಿತ ಬಲು ಸಡಿಲ. ಕೊಬ್ಬು, ಬಾಲ, ಕ್ಲ್ಯಾಥ್ರಿನ್ ಮೂರೂ ಒಟ್ಟಿಗೆ ಸಿಕ್ಕಿದ ಕಡೆ ಮಾತ್ರ ಎಪಿ2 ನಿಲ್ಲುತ್ತದೆ, ಉಳಿದೆಡೆ ಕಳಚಿ ಹೋಗುತ್ತದೆ. ನೀವು "ಗೊತ್ತಾಗುತ್ತೆ" ಎನ್ನುವುದು ಇಷ್ಟನ್ನೇ.

ಇದು ಮಾತಿನ ಜಗಳವಲ್ಲ. ರಕ್ತದ ಕೊಲೆಸ್ಟರಾಲ್ ಕಣವನ್ನು ಒಳಗೆಳೆಯುವ ಎಲ್‌ಡಿಎಲ್ ಗ್ರಾಹಕದ ಬಾಲಕ್ಕೂ ಇಂಥದೇ ಒಂದು ಟೈರೋಸಿನ್ ಗುರುತಿದೆ. ಅದನ್ನು ಓದುವುದು ಮಾತ್ರ ಬೇರೆ ಮಧ್ಯವರ್ತಿ ಪ್ರೋಟೀನು. 807ನೆಯ ಸ್ಥಾನದ ಆ ಟೈರೋಸಿನ್ ಬದಲು ಸಿಸ್ಟೀನ್ ಬಂದವರಲ್ಲಿ ಗ್ರಾಹಕ ತಯಾರಾಗುತ್ತದೆ, ಹೊರಪೊರೆಗೆ ಬರುತ್ತದೆ, ಕೊಲೆಸ್ಟರಾಲನ್ನೂ ಹಿಡಿಯುತ್ತದೆ. ಒಳಗೆ ಮಾತ್ರ ಹೋಗುವುದಿಲ್ಲ. ಒಂದೇ ಒಂದು ಅಕ್ಷರ ಬದಲಾಗಿ ಕೊಲೆಸ್ಟರಾಲ್ ರಕ್ತದಲ್ಲೇ ಉಳಿಯುತ್ತದೆ, ಎಳೆಯ ಪ್ರಾಯದಲ್ಲೇ ಹೃದಯದ ರಕ್ತನಾಳ ಕಟ್ಟುತ್ತದೆ. ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರ ನೊಬೆಲ್ ತಂದದ್ದು ಈ ಗ್ರಾಹಕದ ಕೆಲಸವೇ.

ಇನ್ನು ಹೊದಿಕೆ. 1975ರಲ್ಲಿ ಬಾರ್ಬರಾ ಪಿಯರ್ಸ್ ಹಂದಿಯ ಮಿದುಳಿನಿಂದ ಈ ವೆಸಿಕಲ್‌ಗಳನ್ನು ಶುದ್ಧವಾಗಿ ಬೇರ್ಪಡಿಸಿದಾಗ ಅವುಗಳಲ್ಲಿ ಒಂದು ಪ್ರೋಟೀನೇ ಎದ್ದು ಕಂಡಿತು. ಅದೇ ಕ್ಲ್ಯಾಥ್ರಿನ್. ಒಂದೊಂದು ಘಟಕಕ್ಕೂ ಬಾಗಿದ ಮೂರು ಕಾಲು. ಪ್ರತಿ ಕಾಲೂ ಸುಮಾರು 190 ಕಿಲೋಡಾಲ್ಟನ್ ತೂಕದ ಒಂದು ಸರಪಳಿ, ಜೊತೆಗೊಂದು ಪುಟ್ಟ ಸರಪಳಿ. ಒಂದರ ಕಾಲು ಪಕ್ಕದ್ದರ ಕಾಲಿಗೆ ಹೆಣೆದು ಜಾಲರಿ ಆಗುತ್ತದೆ. ಭಾಗಮಂಡಲದ ಕಡೆ ಜೇನು ಪೆಟ್ಟಿಗೆ ಇಟ್ಟವರಿಗೆ ಇಲ್ಲಿ ಒಂದು ಮಾತು ಬೇಗ ಹಿಡಿಸುತ್ತದೆ. ಜೇನಿನ ಎರಿಯಲ್ಲಿ ಇರುವುದು ಆರು ಮೂಲೆಯ ಕೋಣೆಗಳು, ಅದಕ್ಕೇ ಎರಿ ಚಪ್ಪಟೆ. ಬರೀ ಆರು ಮೂಲೆಯಿಂದ ಗೋಲ ಮುಚ್ಚುವುದಿಲ್ಲ. ಮುಚ್ಚಬೇಕಾದರೆ ಐದು ಮೂಲೆಯವು ಸರಿಯಾಗಿ 12 ಬೇಕು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಆರು ಮೂಲೆಯವು 8 ಸೇರಿದರೆ 36 ಘಟಕಗಳ ಪಂಜರ, 20 ಸೇರಿದರೆ 60 ಘಟಕಗಳದ್ದು. ಗಾತ್ರ ಬದಲಾದರೂ ಆ 12 ಬದಲಾಗದು. ಲೆಕ್ಕ ಇಟ್ಟವರು ಯಾರೂ ಇಲ್ಲ, ಮೂರು ಕಾಲಿನ ಬಾಗುವಿಕೆಯೇ ಲೆಕ್ಕ.

ಜಾಲರಿ ಮುಗಿಯುತ್ತಾ ಬಂದ ಹಾಗೆ ಪೊರೆಗೆ ಒಂದು ಕಿರಿದಾದ ಕುತ್ತಿಗೆ ಉಳಿಯುತ್ತದೆ. ಡೈನಮಿನ್ ಎಂಬ ಪ್ರೋಟೀನು ಅದಕ್ಕೆ ಸುರುಳಿ ಸುತ್ತಿ, ಜಿಟಿಪಿ ಎಂಬ ಶಕ್ತಿಯ ಅಣುವನ್ನು ಖರ್ಚು ಮಾಡಿ ಕತ್ತರಿಸುತ್ತದೆ. ಡೈನಮಿನ್ ಕೆಟ್ಟಿರುವ ಶಿಬಿರೆ ಎಂಬ ತಳಿಯ ಹಣ್ಣುನೊಣ ಮಡಿಕೇರಿಯ ತಂಪಿನಲ್ಲಿ ಸಲೀಸಾಗಿ ಹಾರಾಡುತ್ತದೆ. 29 ಡಿಗ್ರಿಗೆ ಒಯ್ದರೆ ನಿಮಿಷಗಳಲ್ಲಿ ಲಕ್ವ ಹೊಡೆದಂತೆ ಬೀಳುತ್ತದೆ, ತಂಪಿಗೆ ತಂದರೆ ಏಳುತ್ತದೆ. ಕುತ್ತಿಗೆ ಕತ್ತರಿಸಲಾಗದೆ ನರತುದಿಯ ವೆಸಿಕಲ್ ಹಿಂದಿರುಗದಿದ್ದರೆ ಆಗುವುದು ಹೀಗೆ.

ಯಾರಾದರೂ ಕೇಳಲಿ ಎಂದು ನಾನು ಕಾಯುವ ಪ್ರಶ್ನೆ ಬೇರೆ: ಕಟ್ಟಿದ್ದನ್ನು ಬಿಚ್ಚುವುದು ಹೇಗೆ, ಮತ್ತು ಯಾವಾಗ?

ಕಟ್ಟುವುದು ಅಷ್ಟು ಕಷ್ಟವಲ್ಲ. ಶುದ್ಧ ಕ್ಲ್ಯಾಥ್ರಿನ್ನನ್ನು ಪರೀಕ್ಷಾನಳಿಕೆಯಲ್ಲಿ ಹಾಕಿ ಪಿಎಚ್ ಅನ್ನು 6.2ರ ಸುಮಾರಿಗೆ ಇಳಿಸಿ. ಪೊರೆಯೂ ಬೇಡ, ಕೋಶಕ್ಕೆ ಶಕ್ತಿ ಕೊಡುವ ಎಟಿಪಿಯೂ ಬೇಡ, ಪಂಜರ ತಾನಾಗಿ ಕಟ್ಟಿಕೊಳ್ಳುತ್ತದೆ. ಕೋಶ ಎಟಿಪಿ ಸುರಿಯುವುದು ಬಿಚ್ಚುವುದಕ್ಕೆ. ಹೊದಿಕೆ ಕಳಚದಿದ್ದರೆ ವೆಸಿಕಲ್ ತಲುಪಬೇಕಾದ ಪೊರೆಯನ್ನು ಮುಟ್ಟಲಾರದು, ಸರಕು ಇಳಿಯದು. ಕ್ಲ್ಯಾಥ್ರಿನ್ನೂ ಮುಂದಿನ ಸುತ್ತಿಗೆ ಸಿಗದು.

ಪ್ರೋಟೀನು ತಯಾರಾಗುವ ಒಳಪೊರೆಗಳ ಜಾಲ, ಅಂದರೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಿಂದ ಹೊರಡುವ ಕಾಪ್2 ಎಂಬ ಇನ್ನೊಂದು ಬಗೆಯ ಹೊದಿಕೆಯಲ್ಲಿ ಕಳಚುವ ಹೊತ್ತಿನ ಗಡಿಯಾರ ಹೊದಿಕೆಯೊಳಗೇ ಇದೆ. ಸಾರ್1 ಎಂಬ ಪ್ರೋಟೀನು ಜಿಟಿಪಿ ಹಿಡಿದಾಗ ತನ್ನ ಒಂದು ತುದಿಯನ್ನು ಪೊರೆಗೆ ನಾಟುತ್ತದೆ. ಅದರ ಮೇಲೆ ಸೆಕ್23 ಮತ್ತು ಸೆಕ್24 ಎಂಬ ಪ್ರೋಟೀನುಗಳು ಕೂರುತ್ತವೆ, ಹೊರಗಿನ ಪಂಜರ ಸೆಕ್13 ಮತ್ತು ಸೆಕ್31. ಜಿಟಿಪಿ ಒಡೆದರೆ ಸಾರ್1ನ ಹಿಡಿತ ತಪ್ಪುತ್ತದೆ. ಅದನ್ನು ಒಡೆಸುವುದು ಸೆಕ್23, ಹೊರಪಂಜರ ಬಂದು ಕೂತರೆ ಆ ಒಡೆತ ಇನ್ನೂ ಚುರುಕು. ಪೂರ್ತಿಯಾದ ಹೊದಿಕೆಯೇ ತನ್ನ ಕಳಚುವಿಕೆಯನ್ನು ಚುರುಕುಗೊಳಿಸುತ್ತದೆ! ಸೆಕ್23ರ ಒಂದು ಬಗೆಯಾದ ಸೆಕ್23ಎ ಕೆಟ್ಟು ಹೊರಪಂಜರ ಸರಿಯಾಗಿ ಕೂರದಿದ್ದರೆ ಎಲುಬು ಕಟ್ಟುವ, 300 ನ್ಯಾನೋಮೀಟರ್ ಉದ್ದದ ಪ್ರೋಟೀನಾದ ಕೊಲಾಜನ್ ಒಳಗೇ ಸಿಕ್ಕಿಕೊಳ್ಳುತ್ತದೆ, ಮಗುವಿನ ತಲೆಬುರುಡೆಯ ಸಂದು ಮುಚ್ಚುವುದು ತಡವಾಗುತ್ತದೆ.

ಕ್ಲ್ಯಾಥ್ರಿನ್ ಕಳಚಿಸುವ ಪ್ರೋಟೀನು ಎಚ್‌ಎಸ್‌ಸಿ70. ನರಕೋಶದಲ್ಲಿ ಅದನ್ನು ಜಾಲರಿಗೆ ಕರೆತರುವುದು ಆಕ್ಸಿಲಿನ್ ಎಂಬ ಇನ್ನೊಂದು ಪ್ರೋಟೀನು. ಆಕ್ಸಿಲಿನ್ ಜೀನು ಕೆಟ್ಟ ಮಕ್ಕಳಿಗೆ ಎಳೆಯ ಪ್ರಾಯದಲ್ಲೇ ಪಾರ್ಕಿನ್ಸನ್ ಬರುತ್ತದೆ. ಕಟ್ಟುವುದು ಮಾತ್ರ ಮುಖ್ಯ ಎನ್ನುವವರು ಇದನ್ನು ನೆನಪಿಡಬೇಕು.

ಹಾಗಾದರೆ ಆಕ್ಸಿಲಿನ್ ಅರ್ಧ ಕಟ್ಟಿದ ಜಾಲರಿಗೇ ಏಕೆ ಬಂದು ಕೂರುವುದಿಲ್ಲ? ಪೊಟ್ಟಣದ ಪಿಐಪಿ2ವನ್ನು ಬೇರೆ ಕೊಬ್ಬಾಗಿ ಬದಲಿಸುವ ಕಿಣ್ವಗಳು ಮೊದಲಿನಿಂದಲೂ ಕೆಲಸ ಮಾಡುತ್ತಿರುತ್ತವೆ. ಆದರೆ ಕುತ್ತಿಗೆ ಇರುವವರೆಗೆ ಹೊರಪೊರೆಯಿಂದ ಹೊಸ ಪಿಐಪಿ2 ಹರಿದು ಬರುತ್ತಲೇ ಇರುತ್ತದೆ. ತೋಡಿಗೆ ಬಾಯಿ ತೆರೆದ ಗುಂಡಿಯಲ್ಲಿ ತೋಡಿನದೇ ನೀರು. ಡೈನಮಿನ್ ಕತ್ತರಿಸಿತೋ, ಒಡ್ಡು ಬಿದ್ದ ಹಾಗೆ. ಕೆಲವೇ ಸೆಕೆಂಡುಗಳಲ್ಲಿ ಒಳಗಿನ ಕೊಬ್ಬಿನ ಬಗೆ ಬದಲಾಗುತ್ತದೆ, ಆಕ್ಸಿಲಿನ್ ಹಿಡಿಯುವುದು ಆ ಬದಲಾದ ಕೊಬ್ಬನ್ನೇ ಎನ್ನುವುದು ಈಗಿನ ವಿವರಣೆ.