ಐಪಿಒ ಕೆಲಸ ಶುರುವಾಗುವುದು ಮೊದಲ ಡೆಕ್‌ನಲ್ಲೇ

ನಮ್ಮ ಸ್ಟಾರ್ಟ್‌ಅಪ್ ಐಪಿಒಗೆ, ಅಂದರೆ ಮೊದಲ ಸಲ ಜನರಿಗೆ ಷೇರು ಮಾರಲು, ಹೊರಟಿತ್ತು. ಅದಕ್ಕೆ ಷೇರುಪೇಟೆ ನಿಯಂತ್ರಕ ಸೆಬಿಗೆ ಕೊಡುವ ಕರಡು ದಾಖಲೆ, ಡಿಆರ್‌ಎಚ್‌ಪಿ, ತಯಾರಾಗುವಾಗ ಡೇಟಾ ರೂಮ್ (ಪರಿಶೀಲನೆಗೆ ಬೇಕಾದ ಕಂಪನಿಯ ಕಡತಗಳನ್ನೆಲ್ಲ ಇಡುವ ಜಾಗ) ನನ್ನ ಜವಾಬ್ದಾರಿಯಾಗಿತ್ತು. ನಷ್ಟದ ಬಗ್ಗೆಯೇ ಜಾಸ್ತಿ ಕೆದಕುತ್ತಾರೆ ಅಂದುಕೊಂಡು ಅದಕ್ಕೇ ಉತ್ತರ ಜೋಡಿಸಿಟ್ಟಿದ್ದೆ. ಬ್ಯಾಂಕರ್‌ಗಳು ಆ ಹಾಳೆಯನ್ನು ಬೇಗ ಮುಗಿಸಿದರು. ನಷ್ಟದ ಕಂಪನಿಗೂ ದಾರಿ ಇದೆ. ಮಾರಾಟಕ್ಕಿಟ್ಟ ಷೇರುಗಳ ಕನಿಷ್ಠ ಶೇ 75 ಭಾಗ ಕ್ಯೂಐಬಿಗಳಿಗೆ (ಮ್ಯೂಚುವಲ್ ಫಂಡ್‌ನಂಥ ದೊಡ್ಡ ಹೂಡಿಕೆ ಸಂಸ್ಥೆಗಳಿಗೆ) ಹೋಗಬೇಕು, ರೀಟೇಲ್‌ಗೆ, ಅಂದರೆ ಸಣ್ಣ ಹೂಡಿಕೆದಾರರಿಗೆ, ಶೇ 10 ಮೀರುವಂತಿಲ್ಲ.

ಸಿಕ್ಕಿಹಾಕಿಕೊಂಡಿದ್ದು ‘ಆ್ಯಕ್ಟಿವ್ ಕಸ್ಟಮರ್’ ಅನ್ನುವ ಒಂದೇ ಸಾಲಿನಲ್ಲಿ.

ಲಾಯರ್ ನಮ್ಮ ಹಳೆಯ ಮೂರು ಡೆಕ್‌ಗಳನ್ನು (ಹೂಡಿಕೆ ಕೇಳುವಾಗ ತೋರಿಸುವ ಪ್ರೆಸೆಂಟೇಷನ್‌ಗಳನ್ನು) ಪಕ್ಕಪಕ್ಕ ತೆರೆದರು. ಒಂದರಲ್ಲಿ 30 ದಿನದೊಳಗೆ ಆರ್ಡರ್ ಮಾಡಿದವರು. ಇನ್ನೊಂದರಲ್ಲಿ 90 ದಿನ. ಮೂರನೆಯದರಲ್ಲಿ ಸುಮ್ನೆ ಆ್ಯಪ್ ತೆರೆದು ನೋಡಿದವರೂ ಸೇರಿದ್ದರು. ಮೂರೂ ಹೂಡಿಕೆ ಎತ್ತಿದ ಬೇರೆ ಬೇರೆ ರೌಂಡ್‌ನಲ್ಲಿ ಹೂಡಿಕೆದಾರರ ಕೈ ಸೇರಿದ್ದವು. “ಯಾವುದು ಸರಿ?” ಅಂತ ಕೇಳಿದರು. ಫೌಂಡರ್ ಗ್ರೋತ್ ಹೆಡ್ ಮುಖ ನೋಡಿದರು, ಅವರು ನನ್ನ ಮುಖ ನೋಡಿದರು. ಕಾಲ್‌ನಲ್ಲಿದ್ದ ಆಡಿಟರ್ ಮ್ಯೂಟ್ ತೆಗೆದು, ಇದು ಬಗೆಹರಿಯದೆ ಕೆಪಿಐ (ವ್ಯವಹಾರ ಹೇಗಿದೆ ಎಂದು ತೋರಿಸುವ ಮುಖ್ಯ ಅಂಕಿಗಳ) ಸರ್ಟಿಫಿಕೇಟ್‌ಗೆ ಸಹಿ ಹಾಕುವುದಿಲ್ಲ ಎಂದರು. ಪಕ್ಕದಲ್ಲಿದ್ದ ಸಿಎಸ್ (ಕಂಪನಿ ಸೆಕ್ರೆಟರಿ) ಮೇಡಂ ಮೆಲ್ಲಗೆ, “ಹಳೇ ರಾ ಡೇಟಾ ಇದೆ ತಾನೇ ನಿಮ್ಮ ಹತ್ರ?” ಅಂದರು. ಪೂರ್ತಿ ಇರಲಿಲ್ಲ. ಟೂಲ್ ಬದಲಿಸಿದಾಗ ಖರ್ಚು ಉಳಿಸಲು ಹಳೆಯ ಲಾಗ್‌ಗಳನ್ನು ಅಳಿಸಿಹಾಕಲು ಮ್ಯಾನೇಜ್‌ಮೆಂಟೇ ಹೇಳಿತ್ತು.

ಹಿಂದಿನ ಮೂರು ವರ್ಷಗಳಲ್ಲಿ ಹೂಡಿಕೆದಾರರಿಗೆ ತೋರಿಸಿದ ಕೆಪಿಐಗಳನ್ನೆಲ್ಲ ಆಫರ್ ಡಾಕ್ಯುಮೆಂಟ್‌ನಲ್ಲಿ ಕೊಡಬೇಕು ಅಂತ 2022ರಲ್ಲಿ ಸೆಬಿ ನಿಯಮ ತಂದಿದೆ. ಆಡಿಟ್ ಕಮಿಟಿ ಒಪ್ಪಬೇಕು, ಸಿಎ ಸರ್ಟಿಫೈ ಮಾಡಬೇಕು. ನನಗೆ ಈ ನಿಯಮದ ಮೇಲೆ ಸಿಟ್ಟಿಲ್ಲ. ದುಡ್ಡು ಹಾಕುವ ಜನಕ್ಕೆ ಅಷ್ಟಾದರೂ ಗೊತ್ತಿರಬೇಕು, ಅಲ್ವಾ? ಆದರೆ ಸಿಕ್ಕಿದಷ್ಟು ಡೇಟಾ ಹೆಕ್ಕಿ ಮತ್ತೆ ಲೆಕ್ಕ ಕಟ್ಟುವಷ್ಟರಲ್ಲಿ ನಮ್ಮ ರೀಸ್ಟೇಟೆಡ್ ಅಕೌಂಟ್ಸ್ (ಐಪಿಒಗಾಗಿ ಮರುಹೊಂದಿಸಿದ ಹಣಕಾಸು ಲೆಕ್ಕ) ಹಳತಾದವು. ಆರು ತಿಂಗಳು ದಾಟಿದ ಲೆಕ್ಕ ಇಟ್ಟುಕೊಂಡು ಫೈಲ್ ಮಾಡುವಂತಿಲ್ಲ. ಹೊಸ ಕ್ವಾರ್ಟರ್ ಸೇರಿಸಿ ಮತ್ತೆ ಆಡಿಟ್.

ನನಗೆ ಇಂದಿಗೂ ನೋವಾಗುವುದು ಆಪರೇಷನ್ಸ್‌ನಲ್ಲಿ ಮೊದಲಿನಿಂದ ಇದ್ದ ಹುಡುಗನನ್ನು ನೆನೆದಾಗ. ಇಸಾಪ್, ಅಂದರೆ ನೌಕರರಿಗೆ ಕಂಪನಿ ಕೊಡುವ ಷೇರಿನ, ದುಡ್ಡು ನಂಬಿ ಊರಲ್ಲಿ ಮನೆಗೆ ಪಾಯ ಹಾಕಿಸಿದ್ದ. “ಅಕ್ಕ, ಲಿಸ್ಟಿಂಗ್ ಯಾವಾಗ?” ಅಂತ ಕೇಳುತ್ತಿದ್ದ. ಯಾರಿಗೂ ಏನೂ ಹೇಳಬೇಡಿ ಅಂತ ಲಾಯರ್‌ಗಳ ಮೇಲ್ ಬಂದಿತ್ತು. ಹಾಗಾಗಿ ಅವನಿಗೆ ಒಂದು ಮಾತೂ ಹೇಳಲಾಗಲಿಲ್ಲ.

2021ರಲ್ಲಿ ಪೇಟಿಎಂ ಷೇರು ಮೊದಲ ದಿನವೇ ಶೇ 27ರಷ್ಟು ಬಿದ್ದದ್ದು ಎಲ್ಲ ಫೌಂಡರ್‌ಗಳಿಗೂ ಗೊತ್ತು. ಬೆಲೆ ಎಷ್ಟಿಡಬೇಕು ಅನ್ನುವ ಚರ್ಚೆ ಧಾರಾಳವಾಗಿ ನಡೆಯುತ್ತದೆ. ಆದರೆ ಲೆಕ್ಕದ ಶಿಸ್ತಿಗೆ ಸೇರಿದ ಇನ್ಫೋಸಿಸ್ ಕತೆಯ ಭಾಗವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. 1993ರಲ್ಲಿ 95 ರೂಪಾಯಿಯ ಆ ಷೇರಿಗೆ ಸಾಕಷ್ಟು ಅರ್ಜಿ ಬರಲಿಲ್ಲ, ಮಾರ್ಗನ್ ಸ್ಟಾನ್ಲಿ ಶೇ 13 ಪಾಲು ತೆಗೆದುಕೊಂಡು ದಡ ಸೇರಿಸಿತು. ಆಮೇಲೆ ಯಾರೂ ಕಡ್ಡಾಯ ಮಾಡದಿದ್ದರೂ ಇನ್ಫೋಸಿಸ್‌ನವರು ಅಮೆರಿಕದ ಪದ್ಧತಿಯಲ್ಲಿ ಲೆಕ್ಕ ಕೊಡಲು ಶುರುಮಾಡಿದರು. 1999ರಲ್ಲಿ ಅಮೆರಿಕದ ಷೇರುಪೇಟೆ ನಾಸ್ಡಾಕ್‌ಗೆ ಹೋಗುವಾಗ ಆ ರೂಢಿ ಆಗಲೇ ಇತ್ತು.

ಈಗ ನಾನಿರುವ ಕಡೆ ಎಂಐಎಸ್‌ನ (ಮ್ಯಾನೇಜ್‌ಮೆಂಟ್‌ಗೆ ಕೊಡುವ ವರದಿಯ) ಪ್ರತಿ ಕೆಪಿಐ ಕೆಳಗೆ ಅದರ ಅರ್ಥ ಒಂದು ಸಾಲಿನಲ್ಲಿ ಇರುತ್ತದೆ. ಅದನ್ನು ಬದಲಿಸಬೇಕಾದರೆ ಫೌಂಡರ್ ಮೇಲ್ ಹಾಕಬೇಕು, ಹಳೆಯ ಅಂಕಿಯನ್ನೂ ಹೊಸ ಲೆಕ್ಕದಲ್ಲಿ ತೋರಿಸಬೇಕು. ಗ್ರೋತ್ ಟೀಮ್ ಗೊಣಗುತ್ತದೆ. ಗೊಣಗಲಿ. ಸೀರೀಸ್ ಎ (ಮೊದಲ ದೊಡ್ಡ ಸುತ್ತಿನ ಹೂಡಿಕೆ) ಎತ್ತುತ್ತಿರುವ ಫೌಂಡರ್‌ಗಳಿಗೆ ನನ್ನದೊಂದು ಕೋರಿಕೆ: ಹೊಸ ಡ್ಯಾಶ್‌ಬೋರ್ಡ್ ಆಮೇಲೆ ಕೊಳ್ಳಿ, ಮೊದಲು ಒಬ್ಬ ಒಳ್ಳೆಯ ಸಿಎಸ್ ಅವರನ್ನು ಕೆಲಸಕ್ಕೆ ತಗೊಳ್ಳಿ, ಡೆಕ್ ಹೊರಗೆ ಹೋಗುವ ಮುಂಚೆ ಅವರ ಕೈಲಿ ಓದಿಸಿ.