ಮೂರೇ ಮೈಕಲ್ಲಿ ಡ್ರಮ್ಸು: ‘ಈಸ್ ದಿಸ್ ಇಟ್’ ಸೌಂಡ್ ಹಿಂದೆ ಬಿದ್ದು ಐದನೇ ವಾರ

ಹೋದ್ಸಲ ಬರ್ದಾಗ ಡ್ರಮ್ಸ್ ಸರಿ ಬರ್ತಿಲ್ಲ ಅಂತ ಗೋಳಾಡಿದ್ದೆ. ಈಗ್ಲೂ ಪೂರ್ತಿ ಸರಿಯಾಗಿಲ್ಲ, ಆದ್ರೆ ತಪ್ಪು ಎಲ್ಲಿದೆ ಅಂತಾದ್ರೂ ಗೊತ್ತಾಯ್ತು. ಹೊಸದಾಗಿ ಓದ್ತಿರೋರಿಗೆ: ದ ಸ್ಟ್ರೋಕ್ಸ್ ಬ್ಯಾಂಡಿಂದು 2001ರ ಮೊದಲ ಆಲ್ಬಮ್ ‘ಈಸ್ ದಿಸ್ ಇಟ್’ ಇದೆಯಲ್ಲ, ಅದ್ರ ಟೈಟಲ್ ಟ್ರ್ಯಾಕನ್ನ ಅದೇ ಸೌಂಡಲ್ಲಿ ಮನೇಲಿ ರೆಕಾರ್ಡ್ ಮಾಡ್ಬೇಕು ಅಂತ ಹೊರಟಿದೀನಿ. ಎರಡೂವರೆ ನಿಮಿಷದ ಹಾಡು, ಎರಡು ವಾರ ಬೇಕಾದಷ್ಟಾಯ್ತು ಅನ್ಕೊಂಡಿದ್ದೆ.

ಈ ಹುಚ್ಚು ಯಾಕೆ ಹತ್ತಿತು ಅಂದ್ರೆ, ಆ ಆಲ್ಬಮ್ ಮಾಡಿದ್ದು ನ್ಯೂಯಾರ್ಕಿನ ಈಸ್ಟ್ ವಿಲೇಜಲ್ಲಿದ್ದ ಟ್ರಾನ್ಸ್‌ಪೋರ್ಟರ್‌ರೌಮ್ ಅನ್ನೋ ಸಣ್ಣ ಬೇಸ್‌ಮೆಂಟ್ ಸ್ಟುಡಿಯೋದಲ್ಲಿ, ಪ್ರೊಡ್ಯೂಸರ್ ಗಾರ್ಡನ್ ರಫೇಲ್. ಅದಕ್ಕೂ ಮುಂಚೆ ಗಿಲ್ ನಾರ್ಟನ್ ಥರದ ದೊಡ್ಡ ಹೆಸರಿನ ಪ್ರೊಡ್ಯೂಸರ್ ಜೊತೆ ಟ್ರೈ ಮಾಡಿದ್ರು, ತೀರಾ ಕ್ಲೀನಾಗಿ ಬಂತು ಅಂತ ಅದನ್ನ ಬಿಟ್ಟು ವಾಪಸ್ ಬೇಸ್‌ಮೆಂಟಿಗೆ ಬಂದ್ರು. ಡ್ರಮ್ಸಿಗೆ ಮೂರು ಮೈಕು, ಹಾಡೋಕೆ ಪೀವಿ ಕಂಪನಿಯ ಒಂದು ಪುಟ್ಟ ಪ್ರಾಕ್ಟೀಸ್ ಆಂಪು (ಗಿಟಾರ್ ಸದ್ದು ಜೋರು ಮಾಡೋ ಸ್ಪೀಕರ್ ಪೆಟ್ಟಿಗೆ). ಇದನ್ನೆಲ್ಲ ಓದಿದ್ಮೇಲೆ ಯಾರಿಗಾದ್ರೂ ಇಷ್ಟೇನಾ, ನಮ್ಮತ್ರಾನೂ ಇದೆಯಲ್ಲ ಅನ್ಸತ್ತೆ. ನಂಗೂ ಅನ್ಸಿತ್ತು.

ಮೊದಲ ಮೂರು ವಾರ ಬರೀ ಡ್ರಮ್ಸಿಗೇ ಹೋಯ್ತು. ಒಂದು ಮೈಕ್ ಡ್ರಮ್ಸಿನ ಮೇಲ್ಗಡೆ, ಒಂದು ಕಿಕ್ (ಕಾಲಲ್ಲಿ ಒದ್ದು ಬಾರ್ಸೋ ದೊಡ್ಡ ಡ್ರಮ್) ಮುಂದೆ, ಒಂದು ಸ್ನೇರ್ (ಚಟ್ ಅನ್ನೋ ಚಿಕ್ಕ ಡ್ರಮ್) ಹತ್ರ. ಮೊದಲನೇ ದಿನ ಸ್ನೇರ್ ಸದ್ದು ಖಾಲಿ ಬಿಸ್ಕೆಟ್ ಡಬ್ಬ ತಟ್ಟಿದಂಗೆ ಬಂತು, ಯಾಕಂದ್ರೆ ಒಂದೇ ಏಟು ಎರಡು ಮೈಕಿಗೆ ಚೂರು ಹಿಂದೆಮುಂದೆ ತಲುಪಿ ಒಂದನ್ನೊಂದು ತಿಂದುಹಾಕ್ತಿತ್ತು, ಅದೇ ಫೇಸ್ ಸಮಸ್ಯೆ. ದಾರ ಹಿಡ್ಕೊಂಡು ಅಳತೆ ಮಾಡಿ ಮೇಲಿನ ಮೈಕನ್ನ ಮತ್ತೆ ಮತ್ತೆ ಸರಿಸಿ, ಕಿಕ್ ಚಾನೆಲಿನ ಪೋಲಾರಿಟಿ ತಿರುಗಿಸಿ, ಅಂದ್ರೆ ಸಿಗ್ನಲನ್ನ ಉಲ್ಟಾ ಮಾಡಿ ನೋಡಿ, ಕೊನೆಗೆ ದಪ್ಪ ಸದ್ದು ಬಂತು. ಗೆದ್ದೆ ಅನ್ಕೊಂಡು ಕಂಪ್ರೆಸರ್ (ಜೋರು-ಮೆಲ್ಲಗಿನ ಅಂತರ ಕಮ್ಮಿ ಮಾಡೋ ಸಾಧನ) ಹಾಕಿದ್ರೆ ಹೈ-ಹ್ಯಾಟ್, ಅಂದ್ರೆ ಆ ಜೋಡಿ ತಾಳದ ತಟ್ಟೆ, ಕಿವಿ ಹರಿಯೋ ಹಂಗೆ ಮೇಲೆದ್ದು ಬಂತು!

ಇಲ್ಲೇ ಪಾಠ ಸಿಕ್ಕಿದ್ದು. ಹತ್ತು ಮೈಕ್ ಇದ್ರೆ ಹೈ-ಹ್ಯಾಟ್ ಜಾಸ್ತಿಯಾದ್ರೆ ಅದೊಂದರ ಫೇಡರ್ (ವಾಲ್ಯೂಮ್ ಕಡ್ಡಿ) ಇಳಿಸಬಹುದು, ಮೂರೇ ಮೈಕ್ ಇದ್ದಾಗ ಇಳಿಸೋದು ಯಾವುದನ್ನ? ಬ್ಯಾಲೆನ್ಸ್ ಅನ್ನೋದು ಡ್ರಮ್ಮರ್ ಕೈಯಲ್ಲೇ ಆಗ್ಬೇಕು, ಹ್ಯಾಟನ್ನ ಮೆತ್ತಗೆ, ಸ್ನೇರನ್ನ ಗಟ್ಟಿಯಾಗಿ, ಅದೂ ಶುರುವಿಂದ ಕೊನೇವರೆಗೂ ಒಂದೇ ತೂಕದಲ್ಲಿ. ಸ್ಟ್ರೋಕ್ಸ್ ಡ್ರಮ್ಮರ್ ಫ್ಯಾಬ್ ಮೊರೆಟ್ಟಿ ಬಾರ್ಸೋದು ಡ್ರಮ್ ಮಷೀನ್ ಥರ ಅಂತ ಎಲ್ರೂ ಹೇಳ್ತಾರೆ, ನಾನದನ್ನ ಬರೀ ಸ್ಟೈಲು ಅನ್ಕೊಂಡಿದ್ದೆ. ಕುಣೀಲಾರ್ದೋಳು ನೆಲ ಡೊಂಕು ಅಂದಂಗೆ ಇಷ್ಟು ದಿನ ನಾನು ಮೈಕನ್ನ ಬೈಕೊಂಡು ಕೂತಿದ್ದೆ. ಡ್ರಮ್ಸ್ ಬಾರ್ಸೋನು ನಮ್ಮ ಚಿಕ್ಕಮ್ಮನ ಮಗ, ಅವನಿಗೆ ಇದನ್ನ ಹೇಳಿದ್ರೆ “ಅಣ್ಣಾ, ಹಂಗಾದ್ರೆ ಮಷೀನೇ ಇಟ್ಕೋ” ಅಂದ. ಅವನ ಸಿಟ್ಟೂ ನ್ಯಾಯವೇ.

ನಾಲ್ಕನೇ ವಾರ ವೋಕಲ್ಸು. ಆಂಪಿನೊಳಗೆ ಹಾಡಿ, ಆಂಪ್ ಮುಂದೆ ಇನ್ನೊಂದು ಮೈಕ್ ಇಟ್ಟು ಹಿಡಿಯೋದು. ಮೊದಲ ಟೇಕಲ್ಲೇ ಕಿರ್ರ್ ಅಂತ ಫೀಡ್‌ಬ್ಯಾಕು, ಆಂಪನ್ನ ಪಕ್ಕದ ರೂಮಿಗೆ ಸಾಗಿಸಿದ್ಮೇಲೆ ನಿಂತ್ಕೊಂತು. ಕ್ಲೀನಾಗಿ ರೆಕಾರ್ಡ್ ಮಾಡಿ ಆಮೇಲೆ ಆಂಪಿಗೆ ಕಳಿಸೋದು ಸುಲಭ, ಅದನ್ನೂ ಮಾಡಿ ನೋಡ್ದೆ, ಆದ್ರೆ ಮಜಾ ಇಲ್ಲ. ಹಾಡೋವಾಗ್ಲೇ ಹೆಡ್‌ಫೋನಲ್ಲಿ ತನ್ನ ದನಿ ಒಡೆದು ಕೇಳಿಸ್ತಿದ್ರೆ ಮನುಷ್ಯ ತಾನಾಗೇ ಕಿರುಚೋದು ಬಿಡ್ತಾನೆ, ಕಿರುಚೋ ಕೆಲಸ ಆಂಪ್ ಮಾಡ್ತಿರತ್ತಲ್ಲ. ಸ್ಟ್ರೋಕ್ಸ್ ಹಾಡುಗಾರ ಜೂಲಿಯನ್ ಕಾಸಾಬ್ಲಾಂಕಾಸ್‌ದು ಆ ನಿದ್ದೆಗಣ್ಣಿನ ಉದಾಸೀನದ ದನಿ ಇದೆಯಲ್ಲ, ಅದರಲ್ಲಿ ಅರ್ಧ ಪಾಲು ಇದೇ ಅಂತ ನನ್ನ ನಂಬಿಕೆ.

ಬೇಸ್ ಗಿಟಾರ್ ಬಗ್ಗೆ ಜಾಸ್ತಿ ಹೇಳೋದಿಲ್ಲ, ನಾನೇ ಬಾರಿಸ್ತಿರೋದು, ನಾಚಿಕೆ ಆಗತ್ತೆ. ಅವರ ಬೇಸಿಸ್ಟ್ ನಿಕೊಲಾಯ್ ಫ್ರೇಚರ್ ಬಾರ್ಸಿರೋ ಲೈನು ಈ ಹಾಡಿನ ಒಳಗೇ ಇನ್ನೊಂದು ಹಾಡು.

ಐದನೇ ವಾರ ರಫ್ ಮಿಕ್ಸನ್ನ ಆರು ಜನ ಫ್ರೆಂಡ್ಸಿಗೆ ಕಳಿಸ್ದೆ. ನಾಲ್ಕು ಜನ “ಫೋನಲ್ಲಿ ರೆಕಾರ್ಡ್ ಮಾಡಿದ್ಯಾ?” ಅಂದ್ರು, ಒಬ್ಬ ಚೆನ್ನಾಗಿದೆ ಅಂದ, ಅವನು ಕೇಳೇ ಇಲ್ಲ ಅಂತ ಆಮೇಲೆ ಗೊತ್ತಾಯ್ತು, ಇನ್ನೊಬ್ಬ ಉತ್ತರಾನೇ ಕೊಟ್ಟಿಲ್ಲ.

ಬೇಜಾರಲ್ಲಿ ಕೂತು ಮೂಲ ಆಲ್ಬಮ್ಮಿಗೆ ಆಗ ಜನ ಏನಂದಿದ್ರು ಅಂತ ಹುಡುಕ್ದೆ. ಬ್ರಿಟನ್ನಿನ ಎನ್‌ಎಂಇ ಪತ್ರಿಕೆ ಹತ್ತಕ್ಕೆ ಹತ್ತು ಕೊಟ್ಟು ಹೊತ್ತು ಮೆರೆಸ್ತು, ಅಲ್ಲಿನ ಚಾರ್ಟಲ್ಲಿ 2ನೇ ಸ್ಥಾನ, ಅವರದೇ ಅಮೆರಿಕದಲ್ಲಿ ಬಿಲ್‌ಬೋರ್ಡ್ ಚಾರ್ಟಲ್ಲಿ 33ಕ್ಕಿಂತ ಮೇಲೆ ಹೋಗ್ಲಿಲ್ಲ. ಅಮೆರಿಕದಲ್ಲಿ ಸಿಡಿ ಬರೋದು ಸೆಪ್ಟೆಂಬರ್ 11ರ ದಾಳಿಯಿಂದ ಅಕ್ಟೋಬರ್ 9ಕ್ಕೆ ಹೋಯ್ತು, ಪೊಲೀಸರನ್ನ ಆಡ್ಕೊಳ್ಳೋ ‘ನ್ಯೂಯಾರ್ಕ್ ಸಿಟಿ ಕಾಪ್ಸ್’ ತೆಗೆದು ಬೇರೆ ಹಾಡು ಹಾಕಿದ್ರು, ಅಲ್ಲಿ ಕವರ್ ಫೋಟೋನೂ ಬೇರೆ. ಬೈದೋರೂ ಕಮ್ಮಿ ಇರ್ಲಿಲ್ಲ: ಹಳೇ ನ್ಯೂಯಾರ್ಕ್ ಬ್ಯಾಂಡುಗಳ ಕಾಪಿ, ದುಡ್ಡಿರೋರ ಮಕ್ಕಳು ಬಡವರ ವೇಷ ಹಾಕಿದಾರೆ ಅಂತ. ಜೂಲಿಯನ್ ಅಪ್ಪ ಎಲೀಟ್ ಮಾಡೆಲ್ ಏಜೆನ್ಸಿ ಶುರು ಮಾಡ್ದೋರು, ಹಂಗಾಗಿ ಆ ಮಾತಿಗೆ ಆಧಾರ ಇಲ್ಲ ಅನ್ನೋಕಾಗಲ್ಲ. ಆದ್ರೆ ದುಡ್ಡಿದ್ರೆ ಸ್ಟುಡಿಯೋ ಸಿಗತ್ತೇ ಹೊರತು ಎರಡು ಗಿಟಾರು ಒಂದಕ್ಕೊಂದು ದಾರಿ ಬಿಟ್ಕೊಟ್ಟು ಹೋಗೋ ಆ ಹದ ಸಿಗಲ್ಲ, ಅದು ದಿನಾ ರಾತ್ರಿ ಕೂತು ಬಾರ್ಸಿದ್ರೇನೇ ಬರೋದು. 2009ರಲ್ಲಿ ಎನ್‌ಎಂಇ ಇದನ್ನೇ ದಶಕದ ನಂಬರ್ ಒನ್ ಅಂತು, ರೋಲಿಂಗ್ ಸ್ಟೋನ್ ಎರಡನೇದು ಅಂತು.

ನಮ್ಮದರಲ್ಲಿ ಇರೋದು ಬರೀ ಕೊಳೆ, ಹದ ಇಲ್ಲ, ಹಂಗಾಗಿ ಫೋನ್ ರೆಕಾರ್ಡಿಂಗ್ ಥರ ಕೇಳ್ಸಿದೆ. ಕಂಪ್ಯೂಟರಲ್ಲಿ ಸದ್ದು ಬದಲಾಯಿಸೋ ಪ್ಲಗಿನ್ ಎಲ್ಲ ತೆಗೆದುಹಾಕಿದೀನಿ. ಭಾನುವಾರ ಮತ್ತೆ ಡ್ರಮ್ಸ್ ಟೇಕು, ತಮ್ಮ ಒಪ್ಕೊಂಡಿದಾನೆ, ಆದ್ರೆ ಅವನ ಕ್ರ್ಯಾಶ್ ಸಿಂಬಲನ್ನ (ಝಳ್ ಅನ್ನೋ ದೊಡ್ಡ ತಟ್ಟೆ) ನಾನು ಸ್ಟ್ಯಾಂಡ್ ಸಮೇತ ಮಂಚದ ಕೆಳಗೆ ತಳ್ಳಿದೀನಿ ಅಂತ ಅವನಿಗಿನ್ನೂ ಹೇಳಿಲ್ಲ.