ಕಂಪನಿ ಹೆಸರು ಬರೆಯೋದು ಬೇಡ್ವಂತೆ

"ಕಂಪನಿ ಹೆಸರೆಲ್ಲ ಎಂತಕ್ಕೆ? ಪ್ಲಾಸ್ಟಿಕ್ ಅಂತ ಬರೆದ್ರೆ ಸಾಕಲ್ವಾ?"

ಭಾನುವಾರ ಮಂಗಳೂರಿನ ತಣ್ಣೀರುಬಾವಿ ಬೀಚಿನಲ್ಲಿ ಕಸ ಹೆಕ್ಕುವಾಗ ಕೇಳಿದ ಈ ಮಾತು ಇನ್ನೂ ತಲೆ ಕೊರೆಯುತ್ತಿದೆ. ಹಾಗಂದವರು ತಂಪು ಪಾನೀಯದ ಕಂಪನಿಯೊಂದರ ಕಡೆಯವರು. ನಮಗೆಲ್ಲ ಗ್ಲೌಸು, ಟೋಪಿ, ಮಜ್ಜಿಗೆ ಕೊಟ್ಟವರೂ ಅವರೇ. ಸುಳ್ಳು ಹೇಳಬಾರದು, ಮನುಷ್ಯ ಒಳ್ಳೆಯವರು, ಬಿಸಿಲಲ್ಲಿ ಸೊಂಟ ಬಗ್ಗಿಸಿ ನಮ್ಮ ಜೊತೆ ಕಸ ಹೆಕ್ಕಿದರು. ಆದರೆ ಕಾಲೇಜು ಹುಡುಗಿಯೊಬ್ಬಳು ಹಾಳೆ ಹಿಡಿದು ಬ್ರಾಂಡ್ ಬ್ರಾಂಡಾಗಿ ಲೆಕ್ಕ ಬರೆಯೋದು ಕಂಡಾಗ ಅವರ ಮುಖ ಸ್ವಲ್ಪ ಸಣ್ಣಗಾಯಿತು.

ಹುಡುಗಿ ತಲೆ ಎತ್ತಲೂ ಇಲ್ಲ. "ಪ್ಲಾಸ್ಟಿಕ್ ತಾನಾಗಿ ನಡ್ಕೊಂಡು ಬಂತಾ ಸರ್?" ಅಂದಳು.

"ಹಾಗಲ್ಲ ಮಾರಾಯ್ತಿ, ಬಿಸಾಡಿದ್ದು ಜನ ಅಲ್ವಾ?"

ಜನ ಬಿಸಾಡ್ತಾರೆ, ಹೌದು. ನಮ್ಮವರ ಅಭ್ಯಾಸ ಗೊತ್ತಿದ್ದದ್ದೇ. ಆದರೆ ಇದೇ ಥರ 2018ರಿಂದ 2022ರವರೆಗೆ 84 ದೇಶಗಳಲ್ಲಿ ಸ್ವಯಂಸೇವಕರು 18 ಲಕ್ಷಕ್ಕೂ ಜಾಸ್ತಿ ಪ್ಲಾಸ್ಟಿಕ್ ಚೂರು ಹೆಕ್ಕಿ ಬರೆದಿಟ್ಟಿದ್ದರು. ಅದರ ಮೇಲಿನ ಅಧ್ಯಯನ 2024ರಲ್ಲಿ 'ಸೈನ್ಸ್ ಅಡ್ವಾನ್ಸಸ್' ಪತ್ರಿಕೆಯಲ್ಲಿ ಬಂತು. ಹೆಸರು ಗೊತ್ತಾದ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ 56 ಕಂಪನಿಗಳದ್ದು, ಕೋಕಾ-ಕೋಲಾ ಒಂದರದ್ದೇ ಶೇ. 11. ಕಂಪನಿ ಪ್ಲಾಸ್ಟಿಕ್ ಬಳಕೆ ಶೇ. 1 ಏರಿಸಿದರೆ ಅದರ ಹೆಸರಿನ ಕಸವೂ ಹೆಚ್ಚುಕಮ್ಮಿ ಅಷ್ಟೇ ಏರುತ್ತದಂತೆ. ತಪ್ಪೆಲ್ಲ ಜನರದ್ದೇ ಆಗಿದ್ದರೆ ಬೀಚಿನ ಕಸ ಹೀಗೆ ಫ್ಯಾಕ್ಟರಿ ಲೆಕ್ಕದ ಹಿಂದೆಯೇ ಯಾಕೆ ಹೋಗಬೇಕು?

ನಮ್ಮ ಹಾಳೆಯಲ್ಲಿ ಎಲ್ಲಕ್ಕಿಂತ ಉದ್ದ ಬೆಳೆದದ್ದು 'ಗೊತ್ತಿಲ್ಲ' ಅನ್ನೋ ಸಾಲು. ನನ್ನ ಕೈಗೆ ಒಂದು ಶಾಂಪೂ ಸ್ಯಾಶೆ ಸಿಕ್ಕಿತ್ತು. ಒಳಗೆ ಮರಳು ತುಂಬಿ ಗಟ್ಟಿಯಾಗಿತ್ತು. ಹೊರಗಿನ ಬಣ್ಣ ಪೂರ್ತಿ ಹೋಗಿ ಬೆಳ್ಳಿ ಹಾಳೆ ಮಾತ್ರ ಉಳಿದಿತ್ತು, ಮೂಲೆಯಲ್ಲಿ ಹರಿದು ತೆಗೆಯುವ ಗುರುತು. ಹೆಸರು? ಎಷ್ಟು ತಿಕ್ಕಿದರೂ ಇಲ್ಲ. ಆ ಅಧ್ಯಯನದಲ್ಲೂ ಅರ್ಧಕ್ಕಿಂತ ಜಾಸ್ತಿ ಚೂರುಗಳದ್ದು ಇದೇ ಕತೆ. ಬಿಸಿಲು, ಉಪ್ಪುನೀರು ಸೇರಿ ಕಂಪನಿಗಳಿಗೆ ಪುಕ್ಕಟೆ ಉಪಕಾರ ಮಾಡ್ತಾ ಇವೆ. ಗುಜರಿಯವರು ಬಾಟಲಿ ತಗೊಳ್ತಾರೆ, ಇಂಥ ಸ್ಯಾಶೆಯನ್ನೂ ಚಿಪ್ಸ್ ಪ್ಯಾಕೆಟನ್ನೂ ಮುಟ್ಟೋದಿಲ್ಲ. ತೂಕವೂ ಇಲ್ಲ, ದುಡ್ಡೂ ಹುಟ್ಟಲ್ಲ.

ಕಾನೂನು ಇಲ್ಲ ಅಂತಲ್ಲ. ಮಾರಿದ ಪ್ಲಾಸ್ಟಿಕ್ಕಿಗೆ ಕಂಪನಿಯೇ ಹೊಣೆ ಅಂತ 2016ರ ನಿಯಮದಲ್ಲೇ ಇದೆ. 2022ರಲ್ಲಿ ವರ್ಷಕ್ಕಿಷ್ಟು ವಾಪಸ್ ತಗೊಳ್ಳಬೇಕು ಅಂತ ಗುರಿಯೂ ಬಂತು. ಆದರೆ ಕಂಪನಿಯವರು ತಾವೇ ಹೆಕ್ಕಬೇಕಂತಿಲ್ಲ, ಮರುಬಳಕೆ ಮಾಡುವವರಿಂದ 'ಇಷ್ಟು ಪ್ಲಾಸ್ಟಿಕ್ ಮರುಬಳಕೆ ಆಯ್ತು' ಅನ್ನೋ ಸರ್ಟಿಫಿಕೇಟ್ ಕೊಂಡರೂ ನಡೆಯುತ್ತದೆ. ಅಂಥ ಲಕ್ಷಗಟ್ಟಲೆ ಸರ್ಟಿಫಿಕೇಟ್ ನಕಲಿ ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ಹಿಡಿದಿತ್ತು! ಕಾಗದದ ಪ್ರಕಾರ ವಾಪಸ್ ಹೋದ ಪ್ಲಾಸ್ಟಿಕ್ ಹೀಗೆ ಮರಳಲ್ಲಿ ಸಿಗುತ್ತಿದ್ದರೆ, ಅದನ್ನು ಹಿಡಿಯೋಕೆ ಆ ಹುಡುಗಿಯ ಹಾಳೆ ಬಿಟ್ಟರೆ ಇನ್ನೇನಿದೆ? ನಮ್ಮ ಲೆಕ್ಕದಲ್ಲಿ ಹೆಚ್ಚುಕಮ್ಮಿ ಇರಬಹುದು, ಆದರೆ ಅದನ್ನು ಯಾರೂ ಮಾರಾಟಕ್ಕೆ ಇಟ್ಟಿಲ್ಲ.

ಕೊನೆಗೆ 'ಕಸ ಬಿಸಾಡಬೇಡಿ' ಅನ್ನೋ ಬ್ಯಾನರ್ ಹಿಡಿದು ಫೋಟೋ ಆಯಿತು. ಕೆಳಗೆ ಕಂಪನಿ ಹೆಸರು ದೊಡ್ಡದಾಗಿತ್ತು, ಅಲ್ಲಿ ಹೆಸರು ಬೇಡ ಅಂತ ಯಾರೂ ಅನ್ನಲಿಲ್ಲ ನೋಡಿ.

ಮುಂದಿನ ಸಲ ಗ್ಲೌಸ್ ನಾವೇ ತರೋಣ ಅಂತ ನಿನ್ನೆ ಗ್ರೂಪಿನಲ್ಲಿ ಹಾಕಿದ್ದೇನೆ. ಅರ್ಧ ಜನ ಆಯ್ತು ಅಂದರು, ಉಳಿದವರು ಮಜ್ಜಿಗೆ ಯಾರು ಕೊಡಿಸ್ತಾರೆ ಅಂತ ಕೇಳ್ತಿದ್ದಾರೆ.